ಪಥ್ಯ ಬಿಡಿಸಿಕೊಳ್ಳಲು ಬಾರದವರು

೬-೧೦-೧೯೫೮, ಸೋಮವಾರ. ಶಿಕಾರಿಪುರ

‘ಶ್ವಾನದಂಶಕ್ಕೆ ಸಿದ್ಧೌಷಧ’ ಎಂಬ ನನ್ನ ಕಿರುಹೊತ್ತಗೆಯ ಒಂಬತ್ತನೆಯ ಪುಟದಲ್ಲಿ ಒಂದು ತಪ್ಪು ಉಳಿದುಬಿಟ್ಟಿದೆ. ‘ಕುಬಟೂರಿನ ಕೆಂಪಪ್ಪನವರ ಮದ್ದನ್ನು ಕುಡಿದು ಪಥ್ಯವನ್ನು ಮುಗಿಸಿದವರು ಇನ್ನೂರ ಹದಿನೇಳು ಮಂದಿ, ಅವರಲ್ಲಿ ಮಡಿದವರು ಒಬ್ಬರೂ ಇಲ್ಲ’ ಎಂದು ಅಲ್ಲಿ ಅಚ್ಚಾಗಿದೆ. ಇನ್ನೂರ ಹದಿನಾರು ಎಂದಿರಬೇಕಾಗಿತ್ತು. ಕೆಂಪಪ್ಪನವರ ದಫ್ತರದಲ್ಲಿ ಆನವಟ್ಟಿಯ ಕಲ್ಲಪ್ಪನೆಂದು ಒಂದೆಡೆ, ಜಡೆಯ ಕಲ್ಲಪ್ಪನೆಂದು ಇನ್ನೊಂದೆಡೆ ಬರೆದಿರುವುದು ಒಬ್ಬನನ್ನೇ. ಆತ ಜಡೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ನಾಯಿ ಕಚ್ಚಿತು, ಅಷ್ಟೆ. ಮೂವತ್ತನಾಲ್ಕು ವರ್ಷ ಪರರ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ ನಾನು ನನ್ನ ತಪ್ಪನ್ನು ಎರಡು ವರ್ಷ ಕಾಣದೆ ಹೋದದ್ದು ನಾಚಿಕೆಯ ಸಂಗತಿ. ಎರಡನೆಯ ಮುದ್ರಣದಲ್ಲಿ ಸರಿಪಡಿಸಲು ಶಿವಮೊಗ್ಗೆಯ ಮುದ್ರಣಾಲಯಕ್ಕೆ ಇಂದೇ ಬರೆದೆ.

ಈ ಮುದ್ರಣಕ್ಕೆ ಸೇರಿಸಲೆಂದು ಕಳೆದ ಎರಡು ವರ್ಷಗಳ ಹೆಸರುಗಳನ್ನೂ ತರಿಸಿಕೊಂಡೆ. ತಾಳಗುಂದದ ಲೋಕಪ್ಪನ ಹೆಸರು ಅದರಲ್ಲಿಲ್ಲ. ಕಳೆದ ವರ್ಷ ಆಷಾಢದಲ್ಲಿ ನಾಯಿ ಕಚ್ಚಿದ ಕಾಲಿಗೆ ಬಟ್ಟೆ ಸುತ್ತಿಕೊಂಡು ಶಿವಮೊಗ್ಗೆಯ ಆಸ್ಪತ್ರೆಗೆ ಹೊರಟಿದ್ದವನು, ಬಸ್ಸು ನಿಂತ ಅರ್ಧ ಗಂಟೆಯಲ್ಲಿ ಹಳೆಯ ಮೇಷ್ಟ್ರನ್ನು ನೋಡಿಹೋಗೋಣವೆಂದು ಮನೆಗೆ ಬಂದಿದ್ದ. ನಾನೇ ಅವನಿಗೆ ಹೊತ್ತಗೆಯನ್ನೂ ಕೆಂಪಪ್ಪನವರಿಗೆ ಒಂದು ಕಾಗದವನ್ನೂ ಕೊಟ್ಟು ಕುಬಟೂರಿಗೆ ಕಳುಹಿಸಿದೆ. ಗುಣವಾಯಿತೆಂದು ಒಂದು ಕಾರ್ಡನ್ನಾದರೂ ಬರೆಯಬೇಡವೇ? ನನ್ನ ತರಗತಿಯಲ್ಲಿ ಶಾಸನದ ಅಕ್ಷರಗಳನ್ನು ತಡವರಿಸದೆ ಓದುತ್ತಿದ್ದ ಹುಡುಗ. ಓದು ಉಳಿಯಿತು, ಸೌಜನ್ಯ ಉಳಿಯಲಿಲ್ಲ.

ಊರಿನ ಆಸ್ಪತ್ರೆಗೆ ಹೊಸದಾಗಿ ಬಂದಿರುವ ವೈದ್ಯರಿಂದ ಮುನ್ನುಡಿ ಬರೆಸಬೇಕೆಂದಿದ್ದೇನೆ.

೧೧-೧೦-೧೯೫೮, ಶನಿವಾರ

ನಿನ್ನೆ ಸಾಯಂಕಾಲ ನೀಲಾಂಬಿಕೆಯನ್ನು ನಾಯಿ ಕಚ್ಚಿತು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷಗಳಿಂದ ನನ್ನ ಮನೆಯನ್ನು ನಡೆಸುತ್ತಿರುವ ತಂಗಿ ಅವಳು. ಹಿತ್ತಿಲ ಬಾಗಿಲಲ್ಲಿ ಸೌದೆ ತೆಗೆಯುತ್ತಿದ್ದಾಗ ಎಲ್ಲಿಂದಲೋ ಬಂದ ಕಂದು ನಾಯಿ ಎಡಗೈಯ ಮಣಿಕಟ್ಟಿನ ಮೇಲೆ ಹಲ್ಲೂರಿ ಓಡಿಹೋಯಿತು. ಕೇರಿಯವರು ಯಾರೂ ಆ ನಾಯಿಯನ್ನು ಹಿಂದೆ ಕಂಡಿಲ್ಲ, ಆಮೇಲೂ ಕಾಣಲಿಲ್ಲ.

“ಅಣ್ಣ, ನಿನ್ನ ಶ್ವಾನ ನನ್ನನ್ನೂ ದಂಶಿಸಿತು ನೋಡು” ಎಂದಳು. ನನ್ನ ಹೊತ್ತಗೆಯ ಹೆಸರನ್ನು ಅವಳು ಮೊದಲಿನಿಂದಲೂ ಆಡಿಕೊಳ್ಳುತ್ತಾಳೆ. ನಾಯಿ ಕಚ್ಚಿದ್ದಕ್ಕೆ ಮದ್ದು ಅಂತ ಬರೆದಿದ್ದರೆ ನಾಯಿ ಬೇಜಾರು ಮಾಡಿಕೊಳ್ತಿತ್ತೇನು ಎಂದು ಕೇಳುತ್ತಾಳೆ.

ಈ ವಿಷಯದಲ್ಲಿ ಏನು ಮಾಡಬೇಕೆಂದು ಆಲೋಚಿಸುವ ಅಗತ್ಯವೇ ಇಲ್ಲದಿರುವುದು ದೊಡ್ಡ ನೆಮ್ಮದಿ. ಮಧ್ಯಾಹ್ನದ ಬಸ್ಸಿಗೆ ಕುಬಟೂರಿಗೆ ಹೊರಡುತ್ತೇವೆ.

೧೫-೧೦-೧೯೫೮, ಬುಧವಾರ

ಕುಬಟೂರಿನಿಂದ ಹಿಂದಿರುಗಿದೆವು. ಭಾನುವಾರ ಮೊದಲ್ಗೊಂಡು ಮೂರು ಬೆಳಗ್ಗೆ ಮದ್ದಾಯಿತು. ಕೆಂಪಪ್ಪನವರು ಮದ್ದಿಗೆ ಯಾರಿಂದಲೂ ಏನನ್ನೂ ಮುಟ್ಟುವವರಲ್ಲ. ಅವರ ಅಜ್ಜನ ಕಾಲದಿಂದ ಕ್ರಮ ಒಂದೇ. ರೋಗಿಗೊಂದು ತೆಂಗಿನ ಕರಟ. ಅದರೊಳಗೆ ಚೂರಿಯ ಮೊನೆಯಿಂದ ಹೆಸರನ್ನೂ ಊರನ್ನೂ ಕೊರೆದು, ಸೊಪ್ಪಿನ ರಸವನ್ನು ಹಾಲಿನಲ್ಲಿ ಬೆರೆಸಿ ಅದರಲ್ಲೇ ಕುಡಿಸುತ್ತಾರೆ. ಮೂರನೆಯ ದಿನ ಕರಟವನ್ನು ನಾರಿನಿಂದ ಕಟ್ಟಿ ಪಡಸಾಲೆಯ ತೊಲೆಗೆ ತೂಗುಹಾಕುತ್ತಾರೆ. ನಲವತ್ತೊಂದು ದಿನ ಎಣ್ಣೆ, ಹುಳಿ, ಬದನೆ, ಎಳ್ಳು ಯಾವುದೂ ಕೂಡದು. ಆ ಅವಧಿ ಮುಗಿದ ಮೇಲೆ ರೋಗಿಯೇ ಬಂದು ತನ್ನ ಕರಟವನ್ನು ಇಳಿಸಿ, ಹಿತ್ತಿಲ ಕಲ್ಲಿನ ಮೇಲೆ ಒಡೆದು, ಅವರ ಮನೆಯಲ್ಲೇ ಹುಳಿಯನ್ನ ಉಂಡು ಹೋಗಬೇಕು. ಇದಕ್ಕೆ ಪಥ್ಯ ಬಿಡಿಸುವುದು ಎನ್ನುತ್ತಾರೆ. ಅಂದು ಅವನ ಹೆಸರು ದಫ್ತರಕ್ಕೆ ಏರುತ್ತದೆ.

ಹಬ್ಬದ ಹೋಳಿಗೆ ತಪ್ಪಿತೆಂದು ನೀಲಾಂಬಿಕೆಗೆ ಕೋಪ. “ನಾಯಿಗೇನು ಗೊತ್ತು, ದಸರೆ ಕಳೆದ ಮೇಲೆ ಕಚ್ಚಬೇಕು ಅಂತ” ಎಂದು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದಳು.

೧೯-೧೦-೧೯೫೮, ಭಾನುವಾರ

ಡಾಕ್ಟರ್ ಮಲ್ಲಿಕಾರ್ಜುನಪ್ಪನವರನ್ನು ಅವರ ವಸತಿಯಲ್ಲಿ ಕಂಡೆ. ದಾವಣಗೆರೆಯ ಕಡೆಯವರು, ಮೂವತ್ತು ದಾಟಿರಲಾರದು. ಒಂಬತ್ತನೆಯ ಪುಟದ ಸಂಖ್ಯೆಯನ್ನು ತಿದ್ದಿ ನನ್ನ ಹೊತ್ತಗೆಯನ್ನು ಮೊದಲೇ ಕಳುಹಿಸಿದ್ದೆ. ಇಪ್ಪತ್ತನಾಲ್ಕು ಪುಟಗಳನ್ನೂ ಅವರು ಓದಿದ್ದರೆಂಬುದು ಅಂಚಿನ ಪೆನ್ಸಿಲ್ ಗೆರೆಗಳಿಂದ ತಿಳಿಯುತ್ತಿತ್ತು.

“ಭಾಳ ಚಲೋ ಬರ್ದೀರಿ ಮೇಷ್ಟ್ರೇ. ಇಂಥ ಕನ್ನಡ ನಾ ಓದಿ ವರ್ಷಗಳಾದ್ವು. ಒಂದು ಮಾತು ಕೇಳ್ಲೇನು? ಪಥ್ಯ ಬಿಡಿಸಿಕೊಳ್ಳಾಕ ಬರದಿದ್ದೋರು ಎಷ್ಟು ಮಂದಿ?”

“ಬಾರದವರ ಲೆಕ್ಕ ಏತಕ್ಕೆ? ಬಂದವರ ಲೆಕ್ಕ ಸ್ಪಷ್ಟವಾಗಿದೆಯಲ್ಲ.”

“ಸತ್ತೋರು ಪಥ್ಯ ಬಿಡಿಸಿಕೊಳ್ಳಾಕ ಬರ್ತಾರೇನ್ರೀ?”

ನಾನು ಹೊತ್ತಗೆಯನ್ನು ನನ್ನತ್ತ ಎಳೆದುಕೊಂಡೆ. ಅವರು ಮತ್ತೂ ಮೆಲ್ಲಗೆ ಹೇಳಿದರು: “ಸಿಟ್ಟಾಗಬ್ಯಾಡ್ರಿ. ನಿಮ್ಮ ಶಾಲೆಯೊಳಗ ಪಾಸಾದೋರ ಹೆಸರು ಅಷ್ಟೇ ಪುಸ್ತಕಕ್ಕ ಏರಿಸಿ, ನಮ್ಮಲ್ಲಿ ಎಲ್ಲಾರೂ ಪಾಸು ಅಂದಿದ್ರ ಇನ್‌ಸ್ಪೆಕ್ಟರು ಒಪ್ತಿದ್ರೇನು? ಇನ್ನೊಂದು. ಕಚ್ಚಿದ ನಾಯಿ ಎಲ್ಲಾ ಹುಚ್ಚು ನಾಯಿ ಅಲ್ಲ. ಹತ್ತು ದಿನದ ಮ್ಯಾಲೂ ಆ ನಾಯಿ ಬದುಕಿದ್ರ, ಅದು ಕಚ್ಚಿದ ಮನುಷ್ಯಾಗ ಏನೂ ಕೊಡದಿದ್ರೂ ಆ ಭಯ ಇಲ್ಲ. ನಿಮ್ಮ ಇನ್ನೂರ ಹದಿನಾರರೊಳಗ ಅಂಥವ್ರು ಎಷ್ಟು?”

ಬಳಿಕ ಒಂದು ಇಂಗ್ಲಿಷ್ ವರದಿಯನ್ನು ತೆಗೆದು ತೋರಿಸಿದರು. ಚುಚ್ಚುಮದ್ದು ತೆಗೆದುಕೊಂಡ ಪ್ರತಿಯೊಬ್ಬನಿಗೂ ಆರು ತಿಂಗಳಾದ ಮೇಲೆ ಕಾರ್ಡು ಬರೆದು ಬದುಕಿದ್ದಾನೆಯೇ ಎಂದು ಕೇಳುತ್ತಾರಂತೆ. ಉತ್ತರ ಬಾರದಿದ್ದರೆ ಗುಣವಾಯಿತೆಂದು ಬರೆಯುವುದಿಲ್ಲ, ತಿಳಿದಿಲ್ಲ ಎಂದು ಬರೆಯುತ್ತಾರೆ. ಸತ್ತವರಿಗೆ ಅಲ್ಲಿ ಒಂದು ಪ್ರತ್ಯೇಕ ಅಂಕಣವೇ ಇತ್ತು.

“ಹಾಗಾದರೆ ನಿಮ್ಮ ಚುಚ್ಚುಮದ್ದಿನಲ್ಲೂ ಸಾಯುತ್ತಾರೆ” ಎಂದೆ.

“ಸಾಯ್ತಾರ್ರೀ. ಕಡಿಮಿ. ಅಪರೂಪಕ್ಕ ಕೈಕಾಲು ಬಿದ್ದುಹೋಗೋದೂ ಉಂಟು. ಎಲ್ಲಾ ಬರ್ದೈತಿ.”

ತನ್ನ ಸೋಲನ್ನು ತಾನೇ ಅಚ್ಚು ಹಾಕಿಸುವ ಔಷಧಕ್ಕಿಂತ, ಸಾವೇ ಇಲ್ಲದ ಔಷಧ ಮೇಲಲ್ಲವೇ? ಹಾಗೆಂದು ಕೇಳಿ ಎದ್ದುಬಂದೆ. ಅವರು ಬಾಗಿಲವರೆಗೆ ಬಂದು, “ಇತ್ತೀಚಿಗೆ ಊರಾಗ ಯಾರಿಗಾರ ಕಚ್ಚೈತೇನ್ರಿ?” ಎಂದರು. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.

೨೦-೧೦-೧೯೫೮, ಸೋಮವಾರ

ನೀಲಾಂಬಿಕೆಯ ವಿಷಯವನ್ನು ಡಾಕ್ಟರಿಗೆ ಹೇಳಲಿಲ್ಲ. ಪ್ರಸ್ತಾಪಿಸುವ ಸಂದರ್ಭ ಬರಲಿಲ್ಲ.

ಅದೇ ದಿನ, ಸಾಯಂಕಾಲ

ಮೇಲಿನ ವಾಕ್ಯ ಸುಳ್ಳು. ಸಂದರ್ಭ ಬಂದಿತ್ತು.

ನನ್ನ ಹಾಜರಿ ಪುಸ್ತಕದಲ್ಲಿ ಯಾವ ಇನ್‌ಸ್ಪೆಕ್ಟರೂ ಎಂದೂ ತಪ್ಪು ಹಿಡಿದವರಲ್ಲ. ಎರಡು ದಿನ ಬಾರದ ಹುಡುಗನ ಮನೆಗೆ ನಾನೇ ಹೋಗಿ ವಿಚಾರಿಸುತ್ತಿದ್ದೆ. ನಾಳೆ ಕುಬಟೂರಿಗೆ ಹೋಗಿಬರುತ್ತೇನೆ.

೨೧-೧೦-೧೯೫೮, ಮಂಗಳವಾರ

ಕೆಂಪಪ್ಪನವರು ಹಿತ್ತಿಲಲ್ಲಿ ಸೊಪ್ಪು ಆರಿಸುತ್ತಿದ್ದರು. “ಇದೇನ್ರೀ ಮೇಷ್ಟ್ರೇ, ಇಷ್ಟು ಬೇಗ? ಅಕ್ಕಾರು ಪಥ್ಯ ಕೆಡಿಸಿಕಂಡ್ರಾ?” ಎಂದು ಗಾಬರಿಯಿಂದ ಎದ್ದರು.

ನಾನು ಪಡಸಾಲೆಯಲ್ಲಿ ತಲೆಯೆತ್ತಿ ನಿಂತೆ. ಈ ಮನೆಗೆ ಏನಿಲ್ಲವೆಂದರೂ ಹತ್ತು ಬಾರಿ ಬಂದಿದ್ದೇನೆ. ತೊಲೆಗೆ ತೂಗುವ ಕರಟಗಳನ್ನು ಪ್ರತಿ ಸಲವೂ ನೋಡಿದ್ದೇನೆ. ಹೊತ್ತಗೆಯ ಆರನೆಯ ಪುಟದಲ್ಲಿ ‘ಸಾಲುದೀಪಗಳಂತೆ’ ಎಂಬ ಉಪಮೆಯನ್ನೂ ಕೊಟ್ಟಿದ್ದೇನೆ. ಎಣಿಸಿರಲಿಲ್ಲ. ಇಂದು ಎಣಿಸಿದೆ. ನೀಲಾಂಬಿಕೆಯದನ್ನೂ, ಪಥ್ಯದಲ್ಲಿರುವ ಇನ್ನಿಬ್ಬರದನ್ನೂ ಬಿಟ್ಟು ನಲವತ್ತಮೂರು. ಹಲವು ಹೊಗೆ ಹಿಡಿದು ಕಪ್ಪಾಗಿದ್ದವು.

“ಇವು ಯಾರವು?”

“ಬರದೇ ಇದ್ದೋರವು.”

“ಏಕೆ ಬರಲಿಲ್ಲ?”

“ಕೆಲವ್ರಿಗೆ ಗುಣ ಆದ್ಮೇಲೆ ನಾವ್ಯಾಕೆ? ಕೆಲವ್ರು ಪಥ್ಯ ಕೆಡಿಸಿಕಂಡ್ರು.”

“ಕೆಡಿಸಿಕೊಂಡವರು ಏನಾದರು?”

“ಏನಾಗ್ತಾರೆ ಮೇಷ್ಟ್ರೇ. ಹೋದ್ರು.”

“ನೀವು ಇದನ್ನು ನನಗೆ ಹೇಳಲಿಲ್ಲ.”

ಅವರು ನಿಜವಾಗಿಯೂ ಆಶ್ಚರ್ಯಪಟ್ಟು ನನ್ನನ್ನೇ ನೋಡಿದರು. “ನೀವು ಕೇಳಿದ್ದು ಪಥ್ಯ ಮುಗಿಸಿದೋರ ಲೆಕ್ಕ. ಕೊಟ್ನಲ್ಲ.”

ಏಣಿ ತರಿಸಿ ಒಂದೊಂದೇ ಕರಟವನ್ನು ತಿರುಗಿಸಿ ಹೆಸರುಗಳನ್ನು ಬರೆದುಕೊಂಡೆ. ಹದಿನೇಳನೆಯದು: ಲೋಕಪ್ಪ, ತಾಳಗುಂದ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ತಾಳಗುಂದದ ವೀಳ್ಯದೆಲೆ ವ್ಯಾಪಾರಿಯೊಬ್ಬ ಸಿಕ್ಕಿದ. ಲೋಕಪ್ಪ ಹೇಗಿದ್ದಾನೆಂದು ಕೇಳಿದೆ.

“ಯಾವ ಲೋಕಪ್ಪ? ಹುಚ್ಚಮ್ಮನ ಮಗನಾ? ಹೋದ ವರ್ಷ ಗಣಪತಿ ಹಬ್ಬದಾಗೇ ತೀರಿಕೊಂಡ್ನಲ್ರೀ. ನಾಯಿ ಕಚ್ಚಿತ್ತು. ನೀರು ಕಂಡ್ರೆ ನಡುಗ್ತಿದ್ದ. ನಿಮಗೆ ಗೊತ್ತಾಗಲಿಲ್ವಾ?”

ಕಾರ್ಡು ಬರೆಯಲಿಲ್ಲವೆಂದು ನಾನು ಬರೆದ ಮಾತು ಈ ಪುಸ್ತಕದಲ್ಲಿ ಹದಿನೈದು ದಿನಗಳ ಹಿಂದೆ ಇದೆ. ಅದನ್ನು ಹೊಡೆದುಹಾಕುವುದಿಲ್ಲ. ಇರಲಿ.

೨೨-೧೦-೧೯೫೮, ಬುಧವಾರ. ವಿಜಯದಶಮಿ

ಬೆಳಗ್ಗೆ ಡಾಕ್ಟರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ, ದಿನಗಳನ್ನು ಬೆರಳ ಮೇಲೆ ಎಣಿಸಿದರು. ಹನ್ನೆರಡು. “ಭಾನುವಾರ ನಮ್ಮ ಮನಿ ಬಾಗ್ಲಾಗ ನಿಂತಿದ್ರಲ್ರೀ” ಎಂದರು. ಅಷ್ಟೆ. ಶಿವಮೊಗ್ಗೆಯಿಂದ ಮದ್ದಿನ ಪೆಟ್ಟಿಗೆ ತರಿಸಲು ಆಳನ್ನು ಬಸ್ಸಿಗೆ ಓಡಿಸಿದರು.

ಮನೆಗೆ ಬಂದರೆ ನೀಲಾಂಬಿಕೆ ಒಪ್ಪಳು.

“ಪಥ್ಯದ ನಡುವೆ ಸೂಜಿ ಚುಚ್ಚಿಸಿಕೊಂಡರೆ ಕುಡಿದ ಮದ್ದೇ ವಿಷ ಆಗುತ್ತೆ. ನಾ ಹೇಳಿದ್ದಲ್ಲ. ನಿನ್ನ ಪುಸ್ತಕ, ಹದಿಮೂರನೇ ಪುಟ.”

“ಅದು ಕೆಂಪಪ್ಪನವರ ಮಾತು. ನಾನು ಬರೆದುಕೊಂಡೆ ಅಷ್ಟೆ.”

“ಪರೀಕ್ಷೆ ಮಾಡಿದ್ಯಾ?”

“ಇಲ್ಲ.”

“ಅಲ್ಲಿ ‘ಅನುಭವಸಿದ್ಧವಾದ ಸಂಗತಿ’ ಅಂತ ಐತೆ. ಯಾರ ಅನುಭವ?”

ವಾಕ್ಯ ತೂಕವಾಗಿರಲೆಂದು ಹಾಕಿದ ಪದ ಅದು. ಅವಳು ಹೊತ್ತಗೆಯನ್ನು ಗೂಡಿನಿಂದ ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿದಳು. ನಾನು ಕಲಿಸಿದಂತೆಯೇ, ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ. “ಇಷ್ಟು ಚೆನ್ನಾಗಿ ಬರೆದದ್ದು ಸುಳ್ಳು ಹೆಂಗಾಗುತ್ತೆ ಅಣ್ಣ? ನೀನೀಗ ಹೆದರಿದ್ದೀಯ, ಅದಕ್ಕೇ ಹಿಂಗೆ ಮಾತಾಡ್ತೀಯ. ಪುಸ್ತಕ ಬರೆಯೋವಾಗ ನೀನು ಹೆದರಿರಲಿಲ್ಲ.”

ಆಗ ಹೇಳಿದೆ. “ಲೋಕಪ್ಪ ಸತ್ತುಹೋದ.”

“ಯಾವ ಲೋಕ? ನಮ್ಮ ತಾಳಗುಂದದ ಲೋಕನಾ?” ಅವಳು ಗೋಡೆಗೆ ಒರಗಿದಳು. “ಅವತ್ತು ಅವಲಕ್ಕಿ ಹಚ್ಚಿಕೊಟ್ಟಿದ್ದೆ. ಕೊಸರಿಕೊಂಡು ಕೊಸರಿಕೊಂಡು ತಿಂದ. ಬಸ್ಸು ಹೋಗುತ್ತೆ ಅಕ್ಕಾರೆ ಅಂತಿದ್ದ. ನೀನೇ ಕೂರು ಅಂದೆ.”

“ನಾನೇ ಅಂದೆ.”

ಹೊತ್ತಗೆಯನ್ನು ತಿರುಗಿ ಗೂಡಿನಲ್ಲಿಟ್ಟಳು. ಬೀದಿಯಲ್ಲಿ ಬನ್ನಿ ಹಂಚುವವರ ಸದ್ದು ಕೇಳುತ್ತಿತ್ತು. ಕೊನೆಗೆ, “ಚಪ್ಪಲಿ ಕೊಡು ಇಲ್ಲಿ” ಎಂದಳು.

ಮದ್ದು ಬರುವುದು ನಾಳೆ. ಆದರೂ ಆಸ್ಪತ್ರೆಯವರೆಗೆ ನಡೆದು ಹೋಗಿಬಂದೆವು. ಡಾಕ್ಟರು ಕೈಯನ್ನು ನೋಡಿದರು.

೨೩-೧೦-೧೯೫೮, ಗುರುವಾರ

ಮೊದಲನೆಯ ಚುಚ್ಚುಮದ್ದು. ಹೊಕ್ಕುಳಿನ ಬಲಗಡೆ.

೨೬-೧೦-೧೯೫೮, ಭಾನುವಾರ

ನಾಲ್ಕನೆಯದು. ಎರಡನೆಯ ಮುದ್ರಣವನ್ನು ನಿಲ್ಲಿಸಿರೆಂದು ಶಿವಮೊಗ್ಗೆಗೆ ಬರೆದೆ. ನಲವತ್ತೆರಡು ಮನೆಗಳಿಗೆ ಜವಾಬಿ ಕಾರ್ಡುಗಳನ್ನು ಹಾಕಿದೆ. ಉತ್ತರ ಬರೆಯುವ ಭಾಗದಲ್ಲಿ ನನ್ನ ವಿಳಾಸವನ್ನು ನಾನೇ ಬರೆದಿದ್ದೇನೆ. ಕೇಳಿರುವುದು ಮೂರೇ ಮಾತು. ಮದ್ದು ಕುಡಿದವರು ಬದುಕಿದ್ದಾರೆಯೇ? ಇಲ್ಲವಾದರೆ ಯಾವ ಕಾಯಿಲೆಯಿಂದ ಹೋದರು? ಕಚ್ಚಿದ ನಾಯಿ ಏನಾಯಿತು?

ಮೊದಲ ಕಾರ್ಡನ್ನು ನಾಲ್ಕು ಸಲ ಹರಿದೆ. ‘ಶ್ವಾನದಂಶಕ್ಕೆ ಗುರಿಯಾದ ತಮ್ಮ ಬಂಧುಗಳು’ ಎಂದು ಆರಂಭವಾಗಿತ್ತು. ಐದನೆಯದರಲ್ಲಿ ‘ನಾಯಿ ಕಚ್ಚಿದ್ದ ನಿಮ್ಮ ಮನೆಯವರು’ ಎಂದು ಬರೆದೆ.

ತಾಳಗುಂದಕ್ಕೆ ಕಾರ್ಡು ಹಾಕಿಲ್ಲ.

೩೦-೧೦-೧೯೫೮, ಗುರುವಾರ

ಎಂಟನೆಯದು. ನೀಲಾಂಬಿಕೆಗೆ ಸಣ್ಣ ಜ್ವರ. ಅವಳ ಮುಂದೆ ನೀರಿನ ಲೋಟ ಇಟ್ಟು ಅವಳು ಕುಡಿಯುವವರೆಗೂ ನಿಂತಿರುತ್ತೇನೆ. ನಿನ್ನೆ ಅವಳಿಗೆ ತಿಳಿದುಹೋಯಿತು. ಲೋಟವನ್ನು ಎತ್ತಿ ಗಟಗಟನೆ ಕುಡಿದು, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, “ನಪಾಸಾ, ಪಾಸಾ?” ಎಂದಳು.

೫-೧೧-೧೯೫೮, ಬುಧವಾರ

ಹದಿನಾಲ್ಕು ಮುಗಿಯಿತು. “ಇಷ್ಟು ತೂತು ಮಾಡಿದ್ರೂ ಕುಡಿದ ನೀರು ಸೋರಲಿಲ್ಲ ನೋಡ್ರಿ ಡಾಕ್ಟ್ರೇ” ಎಂದಳು. ಅವರು ನಕ್ಕರು. ನಾನು, ಇನ್ನು ಭಯವಿಲ್ಲವಲ್ಲ ಎಂದು ಕೇಳಿದೆ. ಅವರು ನಗು ನಿಲ್ಲಿಸಿದರು. “ತಡ ಆಗೈತಿ ಮೇಷ್ಟ್ರೇ. ನಾ ಹಂಗ ಬರ್ದು ಕೊಡಾಂಗಿಲ್ಲ.”

ಅವರು ಹಾಗೆ ಬರೆದುಕೊಟ್ಟಿದ್ದರೆ ಅವರ ವಿಷಯದಲ್ಲಿ ನನಗಿರುವ ಗೌರವ ಕಡಿಮೆಯಾಗುತ್ತಿತ್ತು. ಆದರೂ ಬರೆದುಕೊಡಬಾರದೇ ಎನಿಸಿತು. ಲೋಕಪ್ಪ ನನ್ನೆದುರು ಕುಳಿತು ಕೇಳಿದಾಗ ನಾನು ಎಷ್ಟು ಸಲೀಸಾಗಿ ಬರೆದುಕೊಟ್ಟೆ!

೧೮-೧೧-೧೯೫೮, ಮಂಗಳವಾರ

ಇನ್ನು ಕಾರ್ಡುಗಳು ಬರಲಾರವು. ಮೂವತ್ತಾರು ಬಂದಿವೆ. ಆರು ಮನೆಗಳಿಂದ ಉತ್ತರವಿಲ್ಲ. ಅವರನ್ನು ‘ತಿಳಿದಿಲ್ಲ’ ಎಂದು ಬರೆದುಕೊಂಡಿದ್ದೇನೆ.

ಬದುಕಿರುವವರು ಇಪ್ಪತ್ತೆಂಟು. ಅವರಲ್ಲಿ ಹತ್ತೊಂಬತ್ತು ಮಂದಿ, ತಮ್ಮನ್ನು ಕಚ್ಚಿದ ನಾಯಿ ಆಮೇಲೂ ತಿಂಗಳುಗಟ್ಟಲೆ ಊರಿನಲ್ಲೇ ಓಡಾಡಿಕೊಂಡಿತ್ತೆಂದು ಬರೆದಿದ್ದಾರೆ. ಸೊರಬದ ರಾಜಪ್ಪ ಎಂಬಾತ, ‘ನಾಯಿ ಕ್ಷೇಮವಾಗಿದೆ, ಈ ಸಲ ಐದು ಮರಿ ಹಾಕಿದೆ, ತಮಗೆ ಒಂದು ಬೇಕಾದರೆ ತಿಳಿಸುವುದು’ ಎಂದು ಬರೆದಿದ್ದಾನೆ. ನೀಲಾಂಬಿಕೆ ಅದನ್ನು ಎರಡು ಸಲ ಓದಿಸಿಕೊಂಡು ನಕ್ಕಳು.

ನಾಯಿಯ ಹುಚ್ಚಿನಿಂದ ಸತ್ತವರು ಎಂಟು. ಲೋಕಪ್ಪನನ್ನು ಸೇರಿಸಿದರೆ ಒಂಬತ್ತು.

ಈ ಎಂಟು ಕಾರ್ಡುಗಳನ್ನು ಬೇರೆಯಾಗಿ ಕಟ್ಟಿಟ್ಟಿದ್ದೇನೆ. ನೀರು ಕಂಡರೆ ನಡುಗುತ್ತಿದ್ದರೆಂದು ಎಂಟರಲ್ಲೂ ಇದೆ, ಆದರೆ ಸಾವಿನ ಕಾರಣವನ್ನು ಕೇಳಿದ ಕಡೆ ಒಬ್ಬರೂ ನಾಯಿ ಎಂದು ಬರೆದಿಲ್ಲ. ‘ನನ್ನ ಹೆಂಡತಿ ತಿಳಿಯದೆ ಒಗ್ಗರಣೆ ಹಾಕಿದಳು.’ ‘ಅತ್ತೆಯ ಮನೆಯಲ್ಲಿ ಉಪ್ಪಿನಕಾಯಿ ಬಡಿಸಿದರು.’ ‘ಮಗು ತಿನ್ನುತ್ತಿದ್ದ ಎಳ್ಳುಂಡೆಯನ್ನು ಬಾಯಿಗೆ ಹಾಕಿಕೊಂಡರು, ನಾನು ತಡೆಯಲಿಲ್ಲ.’ ‘ಹುಳಿ ಮಜ್ಜಿಗೆ.’ ‘ಬಹುಶಃ ಶೇಂಗಾ. ಸರಿಯಾಗಿ ಗೊತ್ತಿಲ್ಲ. ಏನೋ ತಿಂದಿರಬೇಕು.’

ಪ್ರತಿ ಮನೆಯಲ್ಲೂ ಯಾರೋ ಒಬ್ಬರು ತಾವೇ ಕೊಂದೆವೆಂದು ನಂಬಿಕೊಂಡು ಕುಳಿತಿದ್ದಾರೆ. ‘ಪಥ್ಯಭಂಗವೊಂದೇ ಈ ಔಷಧದ ವೈಫಲ್ಯಕ್ಕೆ ಕಾರಣ’ ಎಂಬುದು ನನ್ನ ವಾಕ್ಯ. ಹದಿನಾಲ್ಕನೆಯ ಪುಟ.

೨೧-೧೧-೧೯೫೮, ಶುಕ್ರವಾರ

ಇಂದಿಗೆ ನಲವತ್ತೊಂದು ದಿನ. ಮದ್ದು ಕೊಟ್ಟವರ ಮನೆಗೆ ಹೋಗದಿರುವುದು ಮರ್ಯಾದೆಯಲ್ಲವೆಂದು ನೀಲಾಂಬಿಕೆಯೇ ಹೊರಟಳು. ಕರಟವನ್ನು ಇಳಿಸಿ ಒಡೆದಳು. ಕೆಂಪಪ್ಪನವರು ಸಂತೋಷದಿಂದ ದಫ್ತರ ಬಿಚ್ಚಿದರು.

“ಅವಳ ಹೆಸರನ್ನು ಗುಣವಾದವರಲ್ಲಿ ಬರೆಯಬೇಡಿ” ಎಂದೆ. “ಅವಳು ಹದಿನಾಲ್ಕು ಚುಚ್ಚುಮದ್ದನ್ನೂ ತೆಗೆದುಕೊಂಡಿದ್ದಾಳೆ. ನಾಯಿಗೆ ಹುಚ್ಚಿತ್ತೋ ಇಲ್ಲವೋ ಗೊತ್ತಿಲ್ಲ. ಉಳಿದರೆ ಯಾವುದರಿಂದ ಉಳಿದಳೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ಅವರ ಮುಖ ಕಪ್ಪಿಟ್ಟಿತು. “ಹಂಗಾರೆ ನಮ್ಮಜ್ಜನ ಮದ್ದು ಸುಳ್ಳಾ ಮೇಷ್ಟ್ರೇ?”

ನಾನು ಎಂಟು ಕಾರ್ಡುಗಳನ್ನು ಕೊಟ್ಟೆ. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಎಳ್ಳುಂಡೆಯ ಕಾರ್ಡಿನಲ್ಲಿ ಬೆರಳು ನಿಂತಿತು. ಮಧ್ಯೆ ಒಮ್ಮೆ ಒಳಗೆ ಹೋಗಿ ಬಂದರು. ನೀಲಾಂಬಿಕೆಗೆ ಬಡಿಸಿದ್ದ ಹುಳಿಯನ್ನ ಎಲೆಯಲ್ಲೇ ಆರುತ್ತಿತ್ತು.

“ಅಪ್ಪ ಹೇಳಿದ್ದನ್ನ ನಾ ಹೇಳ್ದೆ. ಪಥ್ಯ ಕೆಡಿಸಿದೋರು ಉಳಿಯಲ್ಲ ಅಂತ. ಹೋದೋರ ಮನೆಯೋರು ಬಂದು ಕೇಳಿದ್ರೆ, ಏನಾರ ತಿಂದಿದ್ರಾ ಅಂತ ಕೇಳ್ತಿದ್ದೆ. ಕೇಳಿದ್ರೆ ಏನಾದ್ರೂ ನೆಪ್ಪಾಗೇ ಆಗುತ್ತಲ್ಲ. ನಲವತ್ತೊಂದು ದಿನ ಯಾರು ಕೆಡಿಸದೆ ಇರ್ತಾರೆ?” ಎಂದರು. ಆಮೇಲೆ, “ಮದ್ದು ಬೇಡಿ ಬಂದೋರಿಗೆ ಇಲ್ಲ ಅನ್ನಾಕೆ ನನ್ನಿಂದಾಗಲ್ಲ. ಮೊದ್ಲು ಆಸ್ಪತ್ರೆಗೆ ಹೋಗಿ ಬರ್ರಿ ಅಂತೀನಿ. ಸೂಜಿ ಬೇಡ ಅಂತ ಇನ್ನು ಹೇಳಲ್ಲ” ಎಂದರು.

ಹೊರಡುವಾಗ ನಾನು ಕೇಳದೆಯೇ ಏಣಿ ಹತ್ತಿ ಲೋಕಪ್ಪನ ಕರಟವನ್ನು ಬಿಚ್ಚಿಕೊಟ್ಟರು.

೨೩-೧೧-೧೯೫೮, ಭಾನುವಾರ

ತಾಳಗುಂದಕ್ಕೆ ಹೋಗಿದ್ದೆ.

ಮೂವತ್ತನಾಲ್ಕು ವರ್ಷಗಳಲ್ಲಿ ಎಷ್ಟೋ ಸಲ ಹುಡುಗರನ್ನು ಸಾಲುಹಿಡಿಸಿ ಆ ಊರಿನ ಶಾಸನಕಂಬದ ಬಳಿಗೆ ಕರೆದೊಯ್ದಿದ್ದೇನೆ. ಅದರಾಚೆ ಎರಡು ಗದ್ದೆ ದಾಟಿದರೆ ಲೋಕಪ್ಪನ ಮನೆ. ಅಲ್ಲಿಗೆ ಎಂದೂ ಹೋಗಿರಲಿಲ್ಲ.

ಅವನ ತಾಯಿ ಹುಚ್ಚಮ್ಮ ಅಂಗಳದಲ್ಲಿ ಭತ್ತ ಕೇರುತ್ತಿದ್ದರು. ನನ್ನ ಹೆಸರು ಹೇಳಿದೊಡನೆ ಮೊರವನ್ನು ಕೆಳಗಿಟ್ಟು, ಕಂಬಳಿ ಹಾಸಿ, ಬೆಲ್ಲ ನೀರು ತಂದಿಟ್ಟರು.

“ನಮ್ಮ ಲೋಕ ಯಾವಾಗ್ಲೂ ನಿಮ್ಮ ಹೆಸರು ಹೇಳ್ತಿದ್ದ. ಮೇಷ್ಟ್ರು ಬರೆದಾರೆ ಅಂದ್ಮೇಲೆ ಪಕ್ಕಾ ಕಣವ್ವ ಅಂತಿದ್ದ.” ಒಳಗಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದರು. ನನ್ನ ಹೊತ್ತಗೆ. ಮೂಲೆ ಮಡಿಸದೆ ಇಟ್ಟಿದ್ದಾರೆ. “ಇದರಾಗೆ ಬೇಡ ಅಂತ ಬರೆದಿತ್ತಂತೆ. ನಂಗೆ ಓದಾಕೆ ಬರಲ್ಲ ಮೇಷ್ಟ್ರೇ. ಗೌರಿ ಹಬ್ಬದ ದಿನ, ಬರೀ ಗಂಜಿ ಕುಡಿದೂ ಕುಡಿದೂ ಬಾಯಿ ಕೆಟ್ಟೈತೆ ಅಂದ. ಎಣ್ಣೆಗಾಯಿ ಮಾಡಿದ್ದೆ. ಎರಡೇ ಎರಡು ಬದನೆಕಾಯಿ. ಸೊಸೆ ಬೇಡ ಅಂದ್ಲು. ಹೆತ್ತ ಕರುಳು, ಹಾಕ್ದೆ. ಮೂರನೇ ದಿನಕ್ಕೆ ನೀರಿನ ಚೊಂಬು ತಳ್ಳಿಬಿಟ್ಟ.”

ಸೊಸೆ ಶಕುಂತಲಮ್ಮ ಹದಿಮೂರನೆಯ ದಿನದ ಕಾ‌ರ್ಯ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ಚಂದ್ರಗುತ್ತಿಯ ತವರಿಗೆ ಹೋದವಳು ಈವರೆಗೆ ಬಂದಿಲ್ಲವಂತೆ. “ಗಂಡನ್ನ ತಿಂದ ಕೈಲಿ ನಾನೂ ಉಣ್ಣಲ್ಲ, ಮಗೀಗೂ ಉಣಿಸಲ್ಲ ಅಂದ್ಲು. ಅವಳದೇನೂ ತಪ್ಪಿಲ್ಲ. ನಾನು ಬದನೆಕಾಯಿ ಗಿಡ ಕಿತ್ತು ಹಾಕ್ದೆ. ಎಣ್ಣೆ ಮುಟ್ಟಿಲ್ಲ ಅವತ್ತಿನಿಂದ.”

ನಾನು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅವನ್ನೆಲ್ಲ ಬಿಟ್ಟೆ.

“ಎಣ್ಣೆಗಾಯಿಯಿಂದ ಸಾಯಲಿಲ್ಲ ಹುಚ್ಚಮ್ಮ” ಎಂದೆ. “ಅವನು ಶಿವಮೊಗ್ಗದ ಆಸ್ಪತ್ರೆಗೆ ಹೊರಟಿದ್ದ. ನಾನೇ ಆ ಬಸ್ಸು ತಪ್ಪಿಸಿದೆ. ಪಥ್ಯಕ್ಕೂ ಸಾವಿಗೂ ಸಂಬಂಧವೇ ಇಲ್ಲ. ನಾನು ವಿಚಾರಿಸದೆ ಬರೆದೆ.”

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. “ಹಂಗಾರೆ ನಾನಲ್ವಾ?”

“ನೀವಲ್ಲ.”

“ಎರಡು ತಿಂದ್ರೂನಾ?”

“ಹತ್ತು ತಿಂದಿದ್ದರೂ.”

ಅವರು ಎದ್ದರು. ನಾನು ಮುಟ್ಟದಿದ್ದ ನೀರಿನ ಲೋಟವನ್ನೂ ಬೆಲ್ಲವನ್ನೂ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಅಳುತ್ತಾರೋ ಎಂದು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಕರಟ ನನ್ನ ಚೀಲದಲ್ಲೇ ಇತ್ತು. ಅದನ್ನು ಕೊಡಲು ನನಗೆ ಯಾವ ಹಕ್ಕಿದೆಯೆಂದು ತಿಳಿಯಲಿಲ್ಲ. ಬಿಸಿಲು ಅಂಗಳದಿಂದ ಕಟ್ಟೆಗೆ ಏರುವವರೆಗೂ ಕುಳಿತಿದ್ದೆ.

ಬಾಗಿಲು ತೆರೆದಾಗ ಅವರ ಧ್ವನಿ ಬೇರೆಯಾಗಿತ್ತು. ಕೂರಿರಿ ಎನ್ನಲಿಲ್ಲ, ಮೇಷ್ಟ್ರೇ ಎನ್ನಲಿಲ್ಲ.

“ಈಗ ಹೇಳಿದ್ದನ್ನ ಬರೆದು ಕೊಡ್ರಿ. ಸೊಸೆಗೆ ಕಳಿಸಬೇಕು. ಕೈಬರಹ ಬೇಡ. ನನ್ನ ಪರವಾಗಿ ಯಾರೋ ಗೀಚಿಕೊಟ್ರು ಅಂತಾಳೆ. ಅದನ್ನ ಅಚ್ಚಿನಾಗೆ ನಂಬಿದ್ಲು. ಇದನ್ನೂ ಅಚ್ಚಿನಾಗೇ ಕೊಡ್ರಿ.”

೩೦-೧೧-೧೯೫೮, ಭಾನುವಾರ

ನೀಲಾಂಬಿಕೆ ಇಂದು ಬದುಕಿದ್ದಾಳೆ. ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಾಳೆ, ಹಾಲಿನವನೊಡನೆ ಜಗಳ ಕಾಯುತ್ತಿದ್ದಾಳೆ. ಇದಕ್ಕಿಂತ ಹೆಚ್ಚಿನದನ್ನು ಬರೆಯುವ ಅಧಿಕಾರ ನನಗಿಲ್ಲ. ಏಪ್ರಿಲ್ ಕೊನೆಗೆ ಡಾಕ್ಟರ ಕಾರ್ಡು ಬರುತ್ತದೆ. ಅಂದು ಅವಳೇ ಉತ್ತರ ಬರೆಯಲಿ.

ಡಾಕ್ಟರು ಮುನ್ನುಡಿಯ ಬದಲು ತಿದ್ದುಪಡಿಯ ಹಾಳೆಯ ಕರಡನ್ನು ನೋಡಿಕೊಟ್ಟರು. ಇಂದು ಮುದ್ರಣಾಲಯಕ್ಕೆ ಹೋಗುತ್ತದೆ. ಇನ್ನೂರು ಪ್ರತಿ. ಮೊದಲ ಪ್ರತಿ ಚಂದ್ರಗುತ್ತಿಗೆ, ಎರಡನೆಯದು ತಾಳಗುಂದಕ್ಕೆ, ಅನಂತರ ಎಂಟು ಮನೆಗಳಿಗೆ, ಆಮೇಲೆ ನನ್ನ ಹೊತ್ತಗೆ ಯಾರ ಯಾರ ಕೈ ಸೇರಿದೆಯೋ ಅವರಿಗೆ. ಎಷ್ಟು ಮಂದಿಯ ಕೈ ಸೇರಿದೆಯೆಂದು ನನಗೆ ತಿಳಿದಿಲ್ಲ. ಕರಡನ್ನು ಇಲ್ಲಿ ಯಥಾವತ್ತಾಗಿ ಇಳಿಸಿಕೊಂಡಿದ್ದೇನೆ.

‘ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿರಿ. ನನ್ನ ಪುಸ್ತಕ ಬೇರೆ ಹೇಳುತ್ತದೆ. ಅದು ತಪ್ಪು.

ಒಂಬತ್ತನೆಯ ಪುಟದಲ್ಲಿ ಮಡಿದವರು ಒಬ್ಬರೂ ಇಲ್ಲ ಎಂದು ಬರೆದಿದ್ದೇನೆ. ನಾನು ಲೆಕ್ಕ ಹಾಕಿದ್ದು ಬದುಕಿ ಬಂದವರನ್ನು ಮಾತ್ರ. ಬಾರದವರನ್ನು ವಿಚಾರಿಸಿದಾಗ ಒಂಬತ್ತು ಮಂದಿ ನಾಯಿಯ ಹುಚ್ಚಿನಿಂದ ಸತ್ತಿರುವುದು ತಿಳಿಯಿತು. ಆರು ಮಂದಿಯ ವಿಷಯ ತಿಳಿದಿಲ್ಲ. ಬದುಕಿದವರಲ್ಲಿ ಎಷ್ಟು ಮಂದಿಗೆ ಕಚ್ಚಿದ್ದು ಹುಚ್ಚುನಾಯಿ ಎಂಬುದೂ ತಿಳಿದಿಲ್ಲ.

ಹದಿಮೂರನೆಯ ಪುಟದಲ್ಲಿ ಚುಚ್ಚುಮದ್ದು ಕೂಡದೆಂದು ಬರೆದದ್ದಕ್ಕೆ ಯಾವ ಆಧಾರವೂ ಇಲ್ಲ.

ಹದಿನಾಲ್ಕನೆಯ ಪುಟದಲ್ಲಿ ಪಥ್ಯ ಕೆಡಿಸಿದವರು ಸಾಯುತ್ತಾರೆ ಎಂದು ಬರೆದದ್ದಕ್ಕೂ ಆಧಾರವಿಲ್ಲ. ಯಾವ ತಾಯಿಯೂ ಯಾವ ಹೆಂಡತಿಯೂ ಒಂದು ತುತ್ತು ಹಾಕಿ ಯಾರನ್ನೂ ಕೊಂದಿಲ್ಲ.

ತಾಳಗುಂದದ ಲೋಕಪ್ಪ ಆಸ್ಪತ್ರೆಗೆ ಹೊರಟಿದ್ದ. ಅವನನ್ನು ತಡೆದು ಕುಬಟೂರಿಗೆ ಕಳುಹಿಸಿದವನು ನಾನು. ಅವನ ತಾಯಿ ಹುಚ್ಚಮ್ಮ ಹಬ್ಬದ ದಿನ ಮಗನಿಗೆ ಊಟ ಬಡಿಸಿದರು. ಅಷ್ಟೆ.’

ನೀಲಾಂಬಿಕೆಗೆ ಓದಿ ಹೇಳಿದೆ. ಎಲ್ಲಿಯಾದರೂ ಅರ್ಥವಾಗದ ಮಾತಿದೆಯೇ ಎಂದು ಕೇಳಿದೆ. ಇಲ್ಲವೆಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಕೆಳಗೆ ಹೊತ್ತೂ ಹಾಕು. ಎಷ್ಟು ತಡವಾಗಿ ಬರೆದದ್ದು ಅಂತ ಗೊತ್ತಾಗಲಿ” ಎಂದಳು.

ಎಂ. ಶಾಂತವೀರಪ್ಪ, ನಿವೃತ್ತ ಮುಖ್ಯೋಪಾಧ್ಯಾಯ, ಶಿಕಾರಿಪುರ.
ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ ನವೆಂಬರ್ ಮೂವತ್ತು, ಭಾನುವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.